ಹದಿನಾಲ್ಕನೇ ಪುಟದ ಕದನ

ಆ ಪ್ರೆಸ್ಸಿಗೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಗುದ್ದಣ್ಣನ ಬಲಮುಷ್ಟಿಯ ಚರಿತ್ರೆ ಹೇಳಲಾಗುತ್ತಿತ್ತು. ಯಾವುದೋ ವಿಸಿಟಿಂಗ್ ಕಾರ್ಡಿನ ಹಳದಿ ತುಸು ಮಾಸಲು ಬಂತೆಂದು ಅವನು ಮೇಜಿಗೆ ಗುದ್ದಿದಾಗ ಮೇಲಿನ ಗಾಜು ಮೂರು ಹೋಳಾಯಿತಂತೆ. ಕೆಳಗಿನ ಅಂತಸ್ತಿನ ದರ್ಜಿ ಭೂಕಂಪವೆಂದು, ಅರ್ಧ ಹೊಲಿದ ಪ್ಯಾಂಟಿನ ಸಮೇತ ಬೀದಿಗೆ ಓಡಿದನಂತೆ. ಆ ಮುಷ್ಟಿಗೆ ಈವರೆಗೆ ಬಲಿಯಾದ ಕೀಬೋರ್ಡುಗಳು ಐದು, ಮೌಸುಗಳು ಹನ್ನೊಂದು. ಅಷ್ಟಕ್ಕೂ ಗುದ್ದಣ್ಣ ಪೈಲ್ವಾನನಲ್ಲ. ಐವತ್ತೆರಡು ವಯಸ್ಸಿನ, ಐವತ್ತೆರಡೇ ಕಿಲೋ ತೂಕದ, ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಮನುಷ್ಯ.

ಅವನ ಪರಮಶತ್ರು ಗೋಡೆಯಾಚೆ ಮುದ್ರಣಯಂತ್ರ ನಡೆಸುತ್ತಿದ್ದ. ಹೆಂಡತಿಯ ಒಡಹುಟ್ಟಿದ ತಮ್ಮ. ಅಚ್ಚು ಕೆಟ್ಟರೆ ಭಾವ ಮಷಿನ್ನನ್ನು ಬೈಯುತ್ತಿದ್ದ, ಭಾಮೈದ ಪುಟವನ್ನು. ವಾರಕ್ಕೊಂದು ಅಂಗಿ ಹರಿಯುತ್ತಿತ್ತು. ಕೊನೆಗೆ ಯಜಮಾನರು ಇಬ್ಬರನ್ನೂ ನಿಲ್ಲಿಸಿ ತೀರ್ಪು ಕೊಟ್ಟರು: “ಇನ್ನೊಂದು ಸಲ ಹೊಡೆದಾಡಿದರೆ, ತಪ್ಪು ಯಾರದೋ ಅವರು ಊಟದ ಡಬ್ಬಿ ತಗೊಂಡು ಮನೆಗೆ. ವಾಪಸ್ ಬರೋದು ಬೇಡ.”

ಇಬ್ಬರೂ ಹಲ್ಲು ಕಚ್ಚಿಕೊಂಡು ಒಂದು ತಿಂಗಳು ಸುಮ್ಮನಿದ್ದರು. ಆಗ ಬಂತು ಚಿತ್ರಕಲಾ ಟೀಚರೊಬ್ಬರ ಕಿರುಪುಸ್ತಕ, ‘ಬಣ್ಣ ನೋಡುವುದು ಹೇಗೆ’.

ಗುದ್ದಣ್ಣ ಹನ್ನೆರಡು ದಿನ ಅದರ ಇಪ್ಪತ್ನಾಲ್ಕು ಪುಟ ಕಟ್ಟಿದ. ಬಣ್ಣದ ಚಕ್ರವನ್ನು ಹನ್ನೆರಡು ಹೋಳು ಮಾಡಿದ, ಕೆಂಪಿನ ಎದುರಿಗೆ ಹಸಿರನ್ನು ಕುಸ್ತಿಗೆ ನಿಲ್ಲಿಸಿದ. ಹದಿನಾಲ್ಕನೇ ಪುಟದಲ್ಲಿ ಎಡಕ್ಕೆ ಬಿಳಿಯ ಅಂಗಳ, ಬಲಕ್ಕೆ ಕಪ್ಪು ಅಂಗಳ, ಪ್ರತಿ ಅಂಗಳದ ನಡುವೆಯೂ ಒಂದೊಂದು ಬೂದು ಚೌಕ. ಕೆಳಗೊಂದು ಸಾಲು: ‘ಎರಡು ಬೂದುಗಳೂ ಒಂದೇ. ಮೋಸ ಹೋಗುವುದು ಕಣ್ಣು.’

ಓದುವುದು ತನ್ನ ಇಲಾಖೆಯಲ್ಲವೆಂದು ಭಾಮೈದ ಎಂದೋ ತೀರ್ಮಾನಿಸಿದ್ದ. ಮೊದಲ ಹಾಳೆ ಹೊರಬಂದಾಗ ಕಪ್ಪಿನ ನಡುವಿನ ಬೂದು ತೆಳುವಾಗಿ ಕಂಡಿತು. ಭಾವ ಎಡವಿದ್ದಾನೆಂದು ಮನಸಾರೆ ನಕ್ಕು, ಅಕ್ಕನ ಮುಖ ನೋಡಿಯಾದರೂ ಕಾಪಾಡೋಣವೆಂದು, ಬಲಬದಿಯ ಶಾಯಿಯ ತಿರುಪನ್ನು ತಿರುಗಿಸಿ ಶಾಯಿ ಹೆಚ್ಚಿಸಿದ. ಎರಡು ಚೌಕಗಳೂ ಒಂದೇ ಎಂದು ಕಣ್ಣಿಗೆ ಕಂಡ ಮೇಲೆ ಸಾವಿರ ಹಾಳೆ ಓಡಿಸಿಬಿಟ್ಟ.

ಗುದ್ದಣ್ಣ ಹಾಳೆ ಎತ್ತಿ ನೋಡಿದ. ಬೇರೆ ಬೇರೆಯಾಗಿ ಕಾಣಬೇಕಿದ್ದ ಚೌಕಗಳೆರಡೂ ಒಂದೇ ಥರ ಕಂಡವು. ಅಂದರೆ ಸರ್ವನಾಶ.

“ತಿರುಪು ಮುಟ್ಟಿದ್ಯೇನೋ?”

“ನಿನ್ನ ಮಾನ ಉಳಿಸಿದೀನಿ ಭಾವ. ಮೊದಲು ಹೋಗಿ ಕಣ್ಣು ತೋರಿಸ್ಕೊ.”

ಮುಷ್ಟಿ ತಾನಾಗಿ ಹೊರಟಿತು. ಭಾಮೈದನ ತುಟಿ ಸೀಳಿತು. ಭಾಮೈದ ಶಾಯಿಯ ಡಬ್ಬಿಯನ್ನೇ ಭಾವನ ತಲೆಗೆ ಮಗುಚಿದ. ಭಾವ ಹನ್ನೆರಡನೇ ಮೌಸನ್ನು ಬಾಲ ಹಿಡಿದು ಗದೆಯಂತೆ ಬೀಸಿದ, ಅದು ಟ್ಯೂಬ್‌ಲೈಟನ್ನು ಪುಡಿಮಾಡಿತು. ಇಬ್ಬರೂ ತಬ್ಬಿಕೊಂಡು ಕಾಗದದ ರಾಶಿಯ ಮೇಲುರುಳಿ, ಒಬ್ಬರ ಕಿವಿ ಒಬ್ಬರು ಹಿಡಿದು, ಸಾವಿರ ಹಾಳೆಗಳನ್ನು ಗಾಳಿಗೆ ಹಾರಿಸಿದರು. ಗುದ್ದಣ್ಣನ ಮೂಗಿನಿಂದ ರಕ್ತ ಇಳಿಯಿತು. ಅಂಥ ಹೊತ್ತಿನಲ್ಲೂ ಅವನು ಅದನ್ನು ನೋಡಿ, ಆ ಕೆಂಪಿಗೆ ಬೇಕಾದ ಶಾಯಿಗಳ ಅಳತೆ ಗೊಣಗಿದ: “ಮೆಜೆಂಟಾ ನೂರು, ಹಳದಿ ತೊಂಬತ್ತು.”

ಬಾಗಿಲಲ್ಲಿ ಯಜಮಾನರೂ ಟೀಚರೂ ನಿಂತಿದ್ದರು.

ಟೀಚರ್ ಒಂದು ರಟ್ಟಿಗೆ ಎರಡು ತೂತು ಕೊರೆದು, ಹಾಳೆಯ ಮೇಲಿಟ್ಟು, ಬಿಳುಪು ಕಪ್ಪು ಎರಡನ್ನೂ ಮುಚ್ಚಿದರು. ತೂತುಗಳಲ್ಲಿ ಬೂದು ಮಾತ್ರ ಉಳಿಯಿತು. ಬಲಗಡೆಯದು ಎದ್ದು ಕಾಣುವಷ್ಟು ದಟ್ಟ.

“ತಪ್ಪು ಮಷಿನ್ನಿನ ಕಡೆಯದು,” ಎಂದರು ಯಜಮಾನರು. “ಡಬ್ಬಿ ತಗೊಳಪ್ಪ.”

ಭಾಮೈದ ತುಟಿ ಒರೆಸಿಕೊಂಡು ಕಿಟಕಿಯ ಕಡೆಗೆ ನಡೆದ. ಅಲ್ಲಿ ಎರಡು ಡಬ್ಬಿಗಳಿದ್ದವು, ಒಂದೇ ಅಳತೆ, ಒಂದೇ ಮುಚ್ಚಳ, ಬೆಳಗ್ಗೆ ತುಂಬಿದ ಕೈಯೂ ಒಂದೇ. ಸಂಜೆ ಆ ಕೈಯ ಒಡತಿಗೆ, ತನ್ನ ಹೆಂಡತಿಗೆ, ಏನು ಹೇಳುವುದೆಂದು ಯೋಚಿಸಿದಾಗ ಗುದ್ದಣ್ಣನ ಮುಷ್ಟಿ ಮೊದಲ ಬಾರಿಗೆ ತಾನಾಗಿ ಬಿಚ್ಚಿಕೊಂಡಿತು.

ಟೀಚರ್ ಅವನನ್ನೇ ಮೆಚ್ಚುಗೆಯಿಂದ ನೋಡುತ್ತಿದ್ದರು. “ಎಲ್ಲರ ಕಣ್ಣೂ ಮೋಸ ಹೋಗೋ ಪುಟ ಇದು. ನಿಮ್ಮ ಕಣ್ಣು ಹೇಗೆ ಗೆದ್ದಿತು?”

“ಎಲ್ಲಿ ಗೆದ್ದಿತು ಟೀಚರ್? ನಾನೂ ಎರಡು ದಿನ ಆ ಚೌಕ ತಿದ್ದುತ್ತಾ ಕೂತಿದ್ದೆ. ಆಮೇಲೆ ಕೆಳಗಿನ ಸಾಲು ಓದಿದೆ.”