ಹನ್ನೊಂದನೆಯ ಮನೆ

ಅವರ ಎಡಗಾಲು ಮೊಣಕಾಲಿನಿಂದ ಕೆಳಗೆ ಕಂಬದಷ್ಟು ದಪ್ಪವಾಗಿತ್ತು. ಪಂಚೆ ಕಾಲನ್ನು ಮರೆಮಾಡುತ್ತಿತ್ತು, ಪಾದವನ್ನಲ್ಲ. ಯಾವ ಚಪ್ಪಲಿಯಲ್ಲೂ ಹಿಡಿಸದ ಆ ಪಾದಕ್ಕೆ ಹಳೆಯ ಬಟ್ಟೆ ಸುತ್ತಿಕೊಂಡು ತರಗತಿಗೆ ಬರುತ್ತಿದ್ದರು. ಐವತ್ತರ ದಶಕದ ಕೊನೆಯಲ್ಲಿ ತಿರುವನಂತಪುರದ ಕಾಲೇಜಿನಲ್ಲಿ ನನಗೆ ಅರ್ಥಶಾಸ್ತ್ರ ಕಲಿಸಿದ ಮಾಷ್ಟ್ರು ಅವರು. ನನ್ನ ಹಾಗೆಯೇ ಕಾಸರಗೋಡಿನ ಕಡೆಯವರು.

ಎಂ.ಎ. ಪ್ರಬಂಧಕ್ಕೆ ‘ಕೇರಳದ ಬಡತನ’ ಎಂಬ ವಿಷಯ ಬರೆದುಕೊಂಡು ಹೋದೆ.

“ಇಡೀ ಕೇರಳ ನಡೆದು ನೋಡ್ಲಿಕ್ಕೆ ನಿನಗೆ ಎಷ್ಟು ಜನ್ಮ ಉಂಟು, ಮಾರಾಯ್ತಿ?” ಎಂದು ಗೀಟು ಹಾಕಿದರು. ಕೊಚ್ಚಿ ಎಂದೆ, ಅದೂ ದೊಡ್ಡದಾಯಿತು. ನನ್ನ ಚಿಕ್ಕಮ್ಮ ಫೋರ್ಟ್ ಕೊಚ್ಚಿಯ ಒಂದು ಓಣಿಯಲ್ಲಿದ್ದಾರೆಂದು ತಿಳಿದಾಗ, “ಹಾಗಾದ್ರೆ ಆ ಓಣಿ ಸಾಕು. ನನ್ನ ಕಾಲು ಕಂಡೂ ಕಾಣದ ಹಾಗೆ ಇರ್ಬೇಡ. ಈ ಆನೆಕಾಲಿನ ಜ್ವರದಿಂದ ಒಂದೊಂದು ಮನೆಯಲ್ಲಿ ಎಷ್ಟು ದಿನದ ಕೆಲಸ ತಪ್ತದೆ, ಅಷ್ಟೇ ಕೇಳಿ ಬಾ” ಎಂದರು.

ರಜೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓಣಿಯ ಬಾಗಿಲುಗಳನ್ನು ತಟ್ಟಿದೆ. ಹನ್ನೊಂದನೆಯ ಮನೆಯ ತಾಯಿ, ತಮ್ಮಲ್ಲಿ ಯಾರಿಗೂ ಆ ಕಾಯಿಲೆ ಇಲ್ಲವೆಂದು ಕದ ಹಾಕಿಕೊಂಡಳು. ಕಿಟಕಿಯಿಂದ ಒಳಗೆ ಅವಳ ಮಗಳ ಊದಿದ ಪಾದ ಕಂಡಿತು. ಆ ಹುಡುಗಿಗೆ ಮದುವೆ ನಿಶ್ಚಯವಾಗಿದ್ದುದು ಓಣಿಗೆಲ್ಲ ಗೊತ್ತಿತ್ತು. ಎಲ್ಲವನ್ನೂ ಬರೆದೆ. ಚೆನ್ನಾಗಿ ಬಂದಿದೆಯೆಂಬ ಹೆಮ್ಮೆಯಲ್ಲಿ ಚಿಕ್ಕಮ್ಮನಿಗೆ ಓದಿಯೂ ಹೇಳಿದೆ.

ಕಾಲೇಜಿಗೆ ಮರಳಿ ತೋರಿಸಿದಾಗ ಮಾಷ್ಟ್ರು ಆ ಮನೆಯ ಪುಟ ದಾಟಿ ಮುಂದೆ ಹೋಗಲಿಲ್ಲ. “ಇದು ಬೇರೆ ಯಾರಿಗೆ ಗೊತ್ತುಂಟು?”

“ಚಿಕ್ಕಮ್ಮನಿಗೆ ಮಾತ್ರ, ಸರ್.”

ಆ ವಾರವೇ ಚಿಕ್ಕಮ್ಮನ ಕಾಗದ ಬಂತು. ಬಾಯಿಂದ ಬಾಯಿಗೆ ದಾಟಿದ ಮಾತು ಗಂಡಿನ ಕಡೆಯವರಿಗೆ ಮುಟ್ಟಿ ಮದುವೆ ಮುರಿದಿತ್ತು.

ಮಾಷ್ಟ್ರು ನನ್ನನ್ನು ಕರೆದುಕೊಂಡು ಕೊಚ್ಚಿಗೆ ಹೊರಟರು. ದಿನವಿಡೀ ಬಸ್ಸು, ಆಮೇಲೆ ಬೋಟು. ಮರುದಿನ ಬೆಳಿಗ್ಗೆ ಆ ಬಾಗಿಲ ಮುಂದೆ ನಿಂತು, ಮಲಯಾಳದಲ್ಲಿ, ತಪ್ಪಾಯಿತೆಂದು ಕ್ಷಮೆ ಕೇಳಿಕೊಂಡರು. “ಇನ್ನು ಬರೆಯಲು ಏನು ಉಳಿದಿದೆ, ಸಾರೇ?” ಎಂದು ತಾಯಿ ಒಳಗಿಂದಲೇ ಕೇಳಿದಳು. ಬಾಗಿಲು ತೆರೆಯಲಿಲ್ಲ.

ಹಿಂದಿರುಗುವ ಬೋಟಿನಲ್ಲಿ ಅವರಿಗೆ ಚಳಿಜ್ವರ ಏರಿತು. ನಾನು ಅಳುತ್ತಿದ್ದೆ. “ವಿಷಯ ಸಣ್ಣದು ಮಾಡು, ಇನ್ನೂ ಸಣ್ಣದು ಮಾಡು ಅಂತ ಹೇಳಿದವ ನಾನು. ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳ್ಲಿಲ್ಲ. ನನ್ನ ತಪ್ಪೂ ಉಂಟು” ಎಂದರು.

ಪ್ರಬಂಧದಿಂದ ಆ ಮನೆಯನ್ನು ತೆಗೆದೆವು. ನಾನು ಪಾಸಾದೆ. ಮುಂದಿನ ಮಳೆಗಾಲದಲ್ಲಿ ಕಾಲಿನ ನಂಜು ಮೈಗೆಲ್ಲ ಏರಿ ಅವರು ತೀರಿಕೊಂಡರು. ಆಮೇಲೆ ಮೂವತ್ತು ವರ್ಷ ನಾನೂ ಪಾಠ ಹೇಳಿದೆ. ಪ್ರಬಂಧಕ್ಕೆ ವಿಷಯ ಕೇಳಿಕೊಂಡು ಬಂದ ಯಾರನ್ನೂ ಈ ಕತೆ ಹೇಳದೆ ಕಳಿಸಲಿಲ್ಲ. ಆ ಹುಡುಗಿ ಏನಾದಳೆಂದು ಮಾತ್ರ ಚಿಕ್ಕಮ್ಮ ಬದುಕಿದ್ದ ತನಕ ನಾನು ಅವರನ್ನು ಒಮ್ಮೆಯೂ ಕೇಳಲಿಲ್ಲ. ಆ ಬಾಗಿಲ ಮುಂದೆ ನಿಂತು ಕೇಳುವ ಧೈರ್ಯ ಇದ್ದದ್ದು ಮಾಷ್ಟ್ರಿಗೆ, ನನಗಲ್ಲ.