ಜಯಶ್ರೀ ಕತ್ತರಿಸಿದ ಹತ್ತು ಎಳೆ

ಇಳಕಲ್ಲಿನ ನಮ್ಮ ಸಾವಕಾರ ರಾಜಕುಮಾರ ಅವರು 2008ರಲ್ಲಿ ಏನೋ ಕೆಲಸವೆಂದು ಬಾಗಲಕೋಟೆಯ ನವನಗರಕ್ಕೆ ಹೋಗಿದ್ದರು. ಅಲ್ಲಿ ಒಬ್ಬ ಸಾಹೇಬರ ಮೇಜಿನ ಮೇಲೆ ಎರಡು ಮಾನಿಟರು ಕಂಡರಂತೆ. ಮರುವಾರವೇ ನಮ್ಮ ಅಂಗಡಿಗೂ ಒಂದು ಹೊಸ ಕಂಪ್ಯೂಟರು, ಎರಡು ಮಾನಿಟರು ಬಂದವು. ಎರಡಕ್ಕೂ ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆಸಿದರು. ಎರಡನೆಯದು ಯಾತಕ್ಕೆ ಎಂದು ನಾವು ಕೇಳಲಿಲ್ಲ. ಕೇಳಿದ್ದರೆ ಅವರಿಗೂ ಗೊತ್ತಿರಲಿಲ್ಲ.

ನಾನು ರಾಜಮಹ್ಮದ, ಆ ಅಂಗಡಿಯಲ್ಲಿ ಕಾರ್ಡು ಹೊಡೆಯುವವನು. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರವನ್ನು ದಪ್ಪ ರಟ್ಟಿನಲ್ಲಿ ತೂತುಗಳಾಗಿ ಇಳಿಸುವುದು ನನ್ನ ಕೆಲಸ. ಮಗ್ಗ ಆ ತೂತಿನ ಪ್ರಕಾರ ಎಳೆ ಎತ್ತುತ್ತದೆ. ಚಿತ್ರ ಬರೆಯುವವಳು ಜಯಶ್ರೀ, ನೇಕಾರರ ಮಗಳು. ದಿನಾ ಬಸ್ಸು ಹಿಡಿದು ಹುನಗುಂದಕ್ಕೆ ಹೋಗಿ ಕಂಪ್ಯೂಟರು ಕಲಿತು ಬಂದಿದ್ದಳು. ಎಂಟು ವರ್ಷದಲ್ಲಿ ನಾನೂರ ಹನ್ನೆರಡು ದಡಿ ಬರೆದಿದ್ದಳು. ಅವುಗಳನ್ನು ಉಟ್ಟವರು ಸಾವಕಾರರನ್ನು ಹೊಗಳುತ್ತಿದ್ದರು, ಸಾವಕಾರರು ಸಂಕೋಚವಿಲ್ಲದೆ ಹೊಗಳಿಸಿಕೊಳ್ಳುತ್ತಿದ್ದರು.

ತೊಡಕು ಏನೆಂದರೆ, ಆ ನಾನೂರ ಹನ್ನೆರಡೂ ತೆರೆಯುವುದು ಒಂದೇ ಸಾಫ್ಟ್‌ವೇರಿನಲ್ಲಿ. ಅದು ಓಡುವುದು ವಿಂಡೋಸ್ 98ರಲ್ಲಿ ಮಾತ್ರ. ಅದನ್ನು ಮಾರಿದ ಇಚಲಕರಂಜಿಯ ಮನುಷ್ಯ ಅಂಗಡಿ ಮುಚ್ಚಿ ಚಹಾಪುಡಿ ವ್ಯಾಪಾರಕ್ಕೆ ಇಳಿದಿದ್ದ. ಹಳೆಯ ಕಂಪ್ಯೂಟರು ದಿನಕ್ಕೆ ಮೂರು ಸಲ ಕಣ್ಣು ಮುಚ್ಚುತ್ತಿತ್ತು. ಹೊಸದು ಆ ಸಾಫ್ಟ್‌ವೇರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಸಾವಕಾರರು ಹೊಸ ಸಾಫ್ಟ್‌ವೇರು ತರುತ್ತೇನೆಂದು ಕುಳಿತರು. ಹೊಸದು ಹಳೆಯ ದಡಿಗಳನ್ನು ಓದುವುದಿಲ್ಲ, ಎಂಟು ವರ್ಷದ ಕೆಲಸ ಮಣ್ಣಾಗುತ್ತದೆ ಎಂದು ಜಯಶ್ರೀ ಹೇಳಿದರೆ, "ಮತ್ತ ಬರಿ, ಕೈ ಅದಾವಲ್ಲ" ಎಂದರು. ಬರೆಯುವ ಕೈ ತಮ್ಮದಲ್ಲವಲ್ಲ!

ಜಯಶ್ರೀ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಹದಿನೈದು ದಿನ ಇಂಟರ್ನೆಟ್ ಸೆಂಟರಿಗೆ ಓಡಾಡಿ, ವರ್ಚುವಲ್ ಮಷಿನ್ ಎನ್ನುವುದನ್ನು ತಂದು ಹಾಕಿದಳು. ಹೊಸ ಕಂಪ್ಯೂಟರಿನ ಒಳಗೆ ಒಂದು ಕಿಟಕಿ, ಆ ಕಿಟಕಿಯೊಳಗೆ ಇಡೀ ಹಳೆಯ ಕಂಪ್ಯೂಟರು, ಅದರೊಳಗೆ ಅವಳ ದಡಿಗಳು.

"ಒಂದರೊಳಗ ಇನ್ನೊಂದಾ? ಕಂಪ್ಯೂಟರ್ ಬಸುರಾಗೇತೇನವಾ?" ಎಂದು ಸಾವಕಾರರು ನಕ್ಕರು. ಆದರೆ ಆ ಕಿಟಕಿಯನ್ನು ಅವಳು ಎರಡೂ ಮಾನಿಟರಿಗೆ ಹಿಗ್ಗಿಸಿ, ಇಡೀ ದಡಿಯನ್ನು ಒಂದೇ ನೋಟಕ್ಕೆ ತೋರಿಸಿದಾಗ ಅವರ ಮುಖ ಅರಳಿತು. ಎರಡನೆಯ ಮಾನಿಟರು ಕೊಂಡದ್ದಕ್ಕೆ ಕೊನೆಗೂ ಒಂದು ಕಾರಣ ಸಿಕ್ಕಿತ್ತು. "ಒಂದು ದಡಿ ನೇಯ್ದು ನೋಡೂಣು. ಸರಿ ಬಂದ್ರ ನಿನ್ನ ಹಳೇದು ಇರಲಿ. ಇಲ್ಲಂದ್ರ ಅಳಿಸಿಬಿಡು" ಎಂದು ಅಪ್ಪಣೆ ಕೊಟ್ಟರು.

ನಮ್ಮಲ್ಲಿ ಯಾವ ದಡಿಯೂ ತಿಮ್ಮಣ್ಣ ಕಾಕಾ ನೋಡದೆ ಕಾರ್ಡಿಗೆ ಹೋಗುವಂತಿರಲಿಲ್ಲ. ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತ ಮನುಷ್ಯ. ಎಳೆ ಎಣಿಸುತ್ತಿರಲಿಲ್ಲ. ಚೌಕುಳಿ ಕಾಗದದ ಮೇಲೆ ಬೆರಳಿಟ್ಟು, ಕಣ್ಣು ಕಿರಿದು ಮಾಡಿ, ದಪ್ಪ ತೆಳುವು ಹೇಳುತ್ತಿದ್ದರು. ಈ ಸಲವೂ ಜಯಶ್ರೀ ಕಾಗದ ತೆಗೆದಳು. "ಕಾಗದ ಯಾಕ? ಎರಡು ಟಿವಿ ಯಾತಕ್ಕ ತಂದೇನಿ? ಅದರಾಗ ತೋರಸು" ಎಂದು ಸಾವಕಾರರು ಗದರಿದರು.

ಕಾಕಾ ಮಾನಿಟರುಗಳ ಮುಂದೆ ಕುಳಿತರು. ದಡಿಯಲ್ಲಿ ಬರುವ ದೊಡ್ಡ ಗೋಪುರದ ಚಿತ್ತಾರ ಸರಿಯಾಗಿ ನಡುವಿಗೆ ಬಂದಿತ್ತು, ಅರ್ಧ ಈ ಮಾನಿಟರಿನಲ್ಲಿ, ಅರ್ಧ ಆ ಮಾನಿಟರಿನಲ್ಲಿ. ಬೆರಳಿಟ್ಟು ಅಳೆದರು.

"ಗೋಪುರ ಭಾಳ ದಪ್ಪ ಆಗೇತವಾ. ಹತ್ತ ಎಳಿ ತಗಿ."

"ಎಣಿಕಿ ಸರಿ ಐತ್ರಿ ಕಾಕಾ. ಮೊದಲಿನಂಗ ನಲವತ್ತ ಅದಾವ."

"ನಲವತ್ತ ವರ್ಷದ ಕಣ್ಣಿಗೆ ನೀ ಎಣಿಕಿ ಹೇಳ್ತೀಯೇನು?"

ಎರಡು ಮಾನಿಟರುಗಳ ನಡುವಿನ ಎರಡು ಬೆರಳಗಲದ ಕರಿ ಪ್ಲಾಸ್ಟಿಕ್ಕಿನ ಅಂಚನ್ನೂ ಅವರು ಗೋಪುರಕ್ಕೆ ಸೇರಿಸಿ ಅಳೆದದ್ದು ನನಗೆ ಕಂಡಿತು. ನಾನು ಬಾಯಿ ಬಿಡಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದು ಎಂಬ ಸಂಸ್ಕಾರ ನನಗೆ ಇಂಥ ಹೊತ್ತಿನಲ್ಲಿ ತಪ್ಪದೆ ನೆನಪಾಗುತ್ತದೆ. ಜಯಶ್ರೀ ಹತ್ತು ಎಳೆ ಕತ್ತರಿಸಿದಳು.

ನೇಯ್ದು ಬಂದ ದಡಿಯಲ್ಲಿ ಗೋಪುರ ಊದಿನಕಡ್ಡಿಯಂತೆ ನಿಂತಿತ್ತು. ಸಾವಕಾರರು ಅದನ್ನು ಎತ್ತಿ ಹಿಡಿದು ಅಂಗಡಿಯವರಿಗೆಲ್ಲ ತೋರಿಸಿದರು. "ನೋಡ್ರಿ ಹಳೇ ಸಾಫ್ಟ್‌ವೇರಿನ ಕಿಮ್ಮತ್ತು!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಗದ ಬೇಡವೆಂದವರು ಯಾರು ಎಂಬುದು ಅವರಿಗೆ ಮರೆತೇಹೋಗಿತ್ತು.

ಹತ್ತು ಎಳೆ ತೆಗೆಸಿದ್ದು ಕಾಕಾ ಎಂದು ಜಯಶ್ರೀ ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ಮಾತು ಸಂಜೆಯೊಳಗೆ ಓಣಿ ತುಂಬಾ ಹರಡಿ, ತಿಮ್ಮಣ್ಣನ ಕಣ್ಣು ಹೋಯಿತು ಎಂದಾಗುತ್ತಿತ್ತು. ಕಣ್ಣು ಹೋದ ನೇಕಾರನನ್ನು ನಮ್ಮ ಊರಲ್ಲಿ ಯಾರೂ ಏನೂ ಕೇಳುವುದಿಲ್ಲ. "ತಪ್ಪು ನಂದ್ರಿ" ಎಂದಳು.

"ಹಂಗಾರ ಅಮಾಸಿ ದಿನ ಅಳಿಸಿಬಿಡು" ಎಂದರು ಸಾವಕಾರರು.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗಗಳು ನಿಲ್ಲುತ್ತವೆ. ಅಂದು ಜಯಶ್ರೀ ಮಾನಿಟರುಗಳ ಮುಂದೆ ಸುಮ್ಮನೆ ಕುಳಿತಿದ್ದಳು. ಸಾವಕಾರರು ಕಾವಲಿಗೆ ನಿಂತಂತೆ ಪಕ್ಕದಲ್ಲೇ ಇದ್ದರು. ಆಗ ತಿಮ್ಮಣ್ಣ ಕಾಕಾ ಬಂದರು. ಮೂರು ದಿನದಿಂದ ಆ ದಡಿಯನ್ನು ತೊಡೆಯ ಮೇಲೆ ಹಾಸಿಕೊಂಡು ನೋಡುತ್ತಿದ್ದರೆಂದು ಆಮೇಲೆ ತಿಳಿಯಿತು.

"ಅಳಸೂಕಿಂತ ಮೊದಲ ಆ ನಲವತ್ತ ಎಳಿ ಗೋಪುರ ಒಮ್ಮೆ ತೋರಸವಾ. ಪೂರ್ತಿ ಒಂದ ಕಡೆ."

ಅವಳು ಅದನ್ನು ತೆರೆದು, ಚಿತ್ರವನ್ನು ಎಡಕ್ಕೆ ಸರಿಸಿದಳು. ಗೋಪುರ ಕರಿ ಅಂಚು ದಾಟಿ, ಇಡಿಯಾಗಿ ಒಂದೇ ಮಾನಿಟರಿಗೆ ಬಂತು. ನೋಡನೋಡುತ್ತ ಸಣ್ಣದಾಯಿತು. ಕಾಕಾ ಬೆರಳಿಟ್ಟರು, ಎತ್ತಿದರು, ಆಮೇಲೆ ಆ ಪ್ಲಾಸ್ಟಿಕ್ಕನ್ನು ಸವರಿದರು.

"ಸಾವಕಾರ್ರ, ಈಕಿ ಎಣಿಕಿ ಖರೆ ಐತ್ರಿ. ಈ ಕರೇ ಪಟ್ಟೀನೂ ಗೋಪುರಕ್ಕ ಹಿಡದ ಅಳದೇನಿ. ತಪ್ಪಿದ್ದು ನನ್ನ ಕಣ್ಣು."

ನನಗೆ ಬಹಳ ನಾಚಿಕೆಯಾಯಿತು. ನಾನು ಅಂದೇ ಬಾಯಿ ಬಿಟ್ಟಿದ್ದರೆ ಮುದುಕ ಈ ಮಾತನ್ನು ಆಡಬೇಕಿರಲಿಲ್ಲ. ಸಾವಕಾರರಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳುವುದು ಅವರಿಗೆ ಕರಗತ. "ಹಳೇದಂದ್ರ ಹಳೇದ, ನಾ ಮೊದಲಿಂದ ಹೇಳ್ಕೋತ ಬಂದೇನಿ" ಎಂದರು. ದಡಿಗಳು ಉಳಿದವು. "ಇನ್ನ ಮ್ಯಾಲ ಕಾಕಾಗ ತೋರಸೂದು ಬ್ಯಾಡ, ಎಣಿಕಿ ಸಾಕು" ಎಂಬ ಅಪ್ಪಣೆಯೂ ಅದೇ ಉಸಿರಿನಲ್ಲಿ ಹೊರಬಿತ್ತು.

ಮುಂದಿನ ದಡಿ ಮುಗಿದ ದಿನ ಜಯಶ್ರೀ ಅದನ್ನು ಕಾಗದಕ್ಕೆ ಇಳಿಸಿಕೊಂಡು ಎದ್ದಳು. ನಾನೂ ಹಿಂದೆ ಹೋದೆ. ಕಾಕಾ ಮನೆಯ ಪಡಸಾಲೆಯಲ್ಲಿ ಕುಳಿತಿದ್ದರು.

"ಎಳಿ ಎಣಿಸಿದೀ?"

"ಎಣಿಸೇನ್ರಿ. ಸರಿ ಅದಾವ."

"ಮತ್ಯಾಕ ಬಂದಿ?"

"ಚಂದ ಐತೋ ಇಲ್ಲೋ ಅಂತ ಎಣಿಸಾಕ ಬರಂಗಿಲ್ರಿ ಕಾಕಾ."

ಕಾಕಾ ಕಾಗದ ತೆಗೆದುಕೊಂಡು ಬಿಸಿಲಿಗೆ ಹೋಗಿ, ಬೆರಳಿಟ್ಟರು.

"ಗೋಪುರದ ತುದಿ ಮೊಂಡ ಆಗೇತಿ. ತಿದ್ದು ಹೋಗು."