ಹೊಸ ಗಾಡಿಯ ಎಣ್ಣೆಶಾಸ್ತ್ರ

ಮೇಸ್ತ್ರಿಯ ಎಡಗಿವಿಯ ಸುತ್ತ ಸದಾ ಒಂದು ಕರಿ ಉಂಗುರ ಇರುತ್ತಿತ್ತು. ಇಂಜಿನ್ ಚಾಲೂ ಇಟ್ಟು, ಗೇರ್ ಬಾಕ್ಸಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುವುದು ಅವರ ಪದ್ಧತಿ. ಹಿಡಿಗೆ ಮೆತ್ತಿದ ಗ್ರೀಸು ಕಿವಿಗೆ ಇಳಿದು, ಸೋಪಿಗೂ ಸೀಮೆಎಣ್ಣೆಗೂ ಬಗ್ಗದೆ ಅಲ್ಲೇ ಮನೆ ಮಾಡಿತ್ತು. ಇಸ್ತ್ರಿ ಅಂಗಿ ಹಾಕಿಕೊಂಡು ಮದುವೆಗೆ ಬಂದರೂ ಕಿವಿ ಮಾತ್ರ ಗ್ಯಾರೇಜಿನದೇ. "ಮೂರನೇ ಗೇರಿನ ಬೇರಿಂಗ್ ಅಳಾಕೆ ಹತ್ತೈತೆ" ಎಂದು ಕಣ್ಣು ಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು.

ಅವರ ಬಗ್ಗೆ ಬರೆಯಲು ಕೂತಾಗ ನನಗೆ ಬರುವುದು ಕಣ್ಣೀರಲ್ಲ, ಸಿಟ್ಟು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಸತ್ತವರು ಮಾಡಿಹೋದದ್ದನ್ನು ಬದುಕಿದವರು ಉಣ್ಣುತ್ತಿರುವಾಗ ಆ ಮಾತು ಎಷ್ಟರ ಮಟ್ಟಿಗೆ ಸರಿ ಎಂದು ನನಗೆ ಗೊತ್ತಿಲ್ಲ.

ಚನ್ನಗಿರಿಯಲ್ಲಿ, ಬಸವಾಪಟ್ಟಣದ ಕಡೆ ಹೋಗುವ ರಸ್ತೆಯ ಬದಿಗೆ ಅವರ ಗ್ಯಾರೇಜು. ನಾನು ಕೆಲಸ ಮಾಡುತ್ತಿದ್ದ ಅಕ್ಕಿ ಗಿರಣಿ ಮುಚ್ಚಿದಾಗ ನನಗೆ ಮದುವೆಯಾಗಿ ಮಗುವಾಗುವುದಿತ್ತು. ಆ ವಯಸ್ಸಿನಲ್ಲಿ ಸ್ಪ್ಯಾನರ್ ಹಿಡಿಯಲು ಹೋದರೆ ಯಾರು ಕಲಿಸುತ್ತಾರೆ? ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೀಸೆ ಬಂದೋನು ಬೈಸ್ಕೊಂತೀಯಾ?" ಎಂದು ಕೇಳಿದರು. ಬೈಸಿಕೊಳ್ಳುತ್ತೇನೆ ಎಂದೆ. ಬೈದರು ಕೂಡ, ಹುಟ್ಟಿದ್ದೇ ತಪ್ಪು ಅನ್ನಿಸುವ ಹಾಗೆ. ಆದರೆ ನನ್ನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಬಂದಾಗ, ರಿಪೇರಿಗೆ ಬಿಟ್ಟಿದ್ದ ಯಾರದೋ ಜೀಪನ್ನು ಎತ್ತಿಕೊಂಡು ಬಂದು ನಮ್ಮನ್ನು ಶಿವಮೊಗ್ಗದ ಆಸ್ಪತ್ರೆಗೆ ಮುಟ್ಟಿಸಿದವರು ಅವರೇ. ಮಗು ಅತ್ತ ಸದ್ದು ಕೇಳುವವರೆಗೂ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಕಾಲಿಗೆ ಬೀಳಲು ಹೋದರೆ, "ಎದ್ದೇಳೋ, ಕ್ಲಚ್ ಪ್ಲೇಟ್ ಹಂಗೇ ಬಿಚ್ಚಿ ಬಂದೀವಿ, ನಡಿ" ಎಂದು ಗದರಿದರು. ಇದು ಸುಳ್ಳಲ್ಲ. ಇದು ಸುಳ್ಳಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಗೇರ್ ಆಯಿಲ್ ಬದಲಿಸುವುದನ್ನು ಅವರು ಪೂಜೆಯ ಹಾಗೆ ಕಲಿಸಿದರು. ಗಾಡಿಯನ್ನು ಸ್ವಲ್ಪ ದೂರ ಓಡಿಸಿಕೊಂಡು ಬರಬೇಕು, ಆಯಿಲ್ ಬೆಚ್ಚಗಾದರೆ ಕೊಳೆಯೂ ಜೊತೆಗೆ ಇಳಿಯುತ್ತದೆ. ಕೆಳಗಿಳಿದು ಕೆಲಸ ಮಾಡಲೆಂದು ನೆಲದಲ್ಲಿ ತೋಡಿದ ಗುಂಡಿಯ ಮೇಲೆ ಗಾಡಿ ಸಮಕ್ಕೆ ನಿಲ್ಲಬೇಕು. ಒಮ್ಮೆ ನಾನು ನೇರವಾಗಿ ತಳದ ಬೋಲ್ಟಿಗೆ ಕೈ ಹಾಕಿದಾಗ ಬೆನ್ನ ಮೇಲೆ ಒಂದು ಗುದ್ದು ಬಿತ್ತು. "ಮೊದ್ಲು ತುಂಬೋ ಬೋಲ್ಟ್ ಬಿಚ್ಚೋ. ಅದು ತುಕ್ಕು ಹಿಡಿದು ಕಚ್ಕೊಂಡಿದ್ರೆ, ಖಾಲಿ ಮಾಡಿ ಆಮ್ಯಾಲೆ ಏನು ಬಾಯಾಗ ಹೊಯ್ತೀಯಾ? ತುಂಬಾಕೆ ದಾರಿ ಐತೋ ಇಲ್ಲೋ ನೋಡ್ದೆ ಯಾರನ್ನೂ ಖಾಲಿ ಮಾಡಬ್ಯಾಡ." ಇಳಿದ ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಬೇಕು. ಬೂದು ಬಣ್ಣದ ನುಣ್ಣನೆ ಪುಡಿ ಬಂದರೆ ವಯಸ್ಸಿನ ಸವೆತ. ಹಳದಿ ಮಿಣುಕು ಕಂಡರೆ ಒಳಗೆ ಹಿತ್ತಾಳೆ ತಿಂದುಹೋಗುತ್ತಿದೆ. ಹೊಸ ಆಯಿಲ್ ಮೇಲಿನ ತೂತಿನಿಂದ ತಾನೇ ತುಳುಕಿ ಬರುವವರೆಗೂ ತುಂಬಬೇಕು. ಇವತ್ತು ಹೊನ್ನಾಳಿಯ ನನ್ನ ಗ್ಯಾರೇಜಿನಲ್ಲಿ ನಾಲ್ಕು ಜನ ಉಣ್ಣುತ್ತಿರುವುದು ಈ ವಿದ್ಯೆಯಿಂದಲೇ.

ಇನ್ನು ಎಣ್ಣೆಶಾಸ್ತ್ರದ ಮಾತು. ಸುತ್ತಿನಲ್ಲಿ ಯಾರು ಹೊಸ ಗಾಡಿ ತಂದರೂ ಗುಡಿಯಲ್ಲಿ ಪೂಜೆ ಮಾಡಿಸಿ, ಮನೆಗೂ ಹೋಗದೆ ಮೇಸ್ತ್ರಿಯ ಗುಂಡಿಯ ಮೇಲೆ ತಂದು ನಿಲ್ಲಿಸುತ್ತಿದ್ದರು. ಮೇಸ್ತ್ರಿ ಕೈ ತೊಳೆದು, ಗುಂಡಿಗೆ ಇಳಿದು, ಕಂಪನಿಯವರು ತುಂಬಿ ಕಳಿಸಿದ ಗೇರ್ ಆಯಿಲನ್ನು ಪೂರ್ತಿ ಇಳಿಸಿ, ತಮ್ಮ ಡ್ರಮ್ಮಿನ ವನ್‌ಫಾರ್ಟಿ ಎಂಬ ದಪ್ಪ ಆಯಿಲ್ ತುಂಬುತ್ತಿದ್ದರು. ಬಾಣಂತಿ ಮನೆಯ ಕೂಸಿಗೆ ಎಣ್ಣೆ ಹಚ್ಚಿದ ಹಾಗೆ. ಮೇಲೆ ಒಂದು ತೆಂಗಿನಕಾಯಿ, ಎಲ್ಲರಿಗೂ ಚಹಾ. ಕಂಪನಿಯ ಆಯಿಲನ್ನು ಬೆರಳಿಂದ ಎತ್ತಿ ತೋರಿಸಿ, "ನೋಡ್ರಿ, ನೀರು ನೀರು! ಮಜ್ಜಿಗಿ ಕುಡಿಸಿ ಕುಸ್ತಿಗೆ ಬಿಟ್ಟಾರೆ" ಅನ್ನುತ್ತಿದ್ದರು. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ಶಾಸ್ತ್ರವಾಗದ ಗಾಡಿಯನ್ನು ಮುಂದೆ ಸೆಕೆಂಡ್ ಹ್ಯಾಂಡಿಗೆ ಕೊಳ್ಳುವವರು ಕೂಡ ಅನುಮಾನದಿಂದ ನೋಡುತ್ತಿದ್ದ ಕಾಲ ಅದು.

ಹಳೆಯ ಜೀಪುಗಳಿಗೆ, ಟ್ರ್ಯಾಕ್ಟರುಗಳಿಗೆ ಅವರು ಮಾಡಿದ್ದು ಸರಿಯೇ. ಸವೆದ ಹಲ್ಲುಗಳಿಗೆ ದಪ್ಪ ಆಯಿಲ್ ಹಾಕಿದರೆ ಸದ್ದು ಅಡಗಿ ಗಾಡಿ ಇನ್ನಷ್ಟು ವರ್ಷ ಎಳೆಯುತ್ತಿತ್ತು. ಅವರ ಹೆಸರು ಬೆಳೆದದ್ದು ಹಾಗೆ. ಆದರೆ ಈಗಿನ ಗಾಡಿಗಳ ಗೇರ್ ಬಾಕ್ಸಿನಲ್ಲಿ ಒಂದು ಗೇರಿನಿಂದ ಇನ್ನೊಂದಕ್ಕೆ ಸಲೀಸಾಗಿ ಬೀಳಲೆಂದು ಹಿತ್ತಾಳೆಯ ರಿಂಗುಗಳಿರುತ್ತವೆ. ದಪ್ಪ ಆಯಿಲ್ಲಿನಲ್ಲಿ ಅವು ಹಿಡಿತ ಕಳೆದುಕೊಳ್ಳುತ್ತವೆ. ಅದರ ಮೇಲೆ, ಹಿಂದಿನ ಚಕ್ರದ ಆಕ್ಸಲಿಗೆಂದೇ ಮಾಡಿದ ಆಯಿಲ್ಲಾದರೆ ಅದರೊಳಗಿನ ಗಂಧಕದ ಖಾರದ ಮದ್ದು ಹಿತ್ತಾಳೆಯನ್ನೇ ತಿನ್ನುತ್ತದೆ. ಮೇಸ್ತ್ರಿಯ ಡ್ರಮ್ಮಿನಲ್ಲಿ ಇದ್ದದ್ದು ಅದೇ. ಗೇರು ಬಿಗಿಯಾದರೆ ನಮ್ಮ ಜನ ಅದನ್ನೂ ಹೊಗಳುತ್ತಿದ್ದರು: "ಮೇಸ್ತ್ರಿ ಎಣ್ಣೆ ಬಿದ್ದ ಮ್ಯಾಲೆ ಗೇರು ಗಟ್ಟಿ ಆಗೈತೆ ನೋಡ್ರಿ!"

ನ್ಯಾಮತಿಯಲ್ಲಿರುವ ನಮ್ಮ ಅಕ್ಕನ ಗಂಡ, ಭಾವ, ಇಪ್ಪತ್ತರ ಹರೆಯದಿಂದ ಬೇರೆಯವರ ಗಾಡಿ ಓಡಿಸಿದವನು. ಶಾಮಿಯಾನ, ಅಡುಗೆ ಪಾತ್ರೆ, ಕುರ್ಚಿ ಹೇರಿಕೊಂಡು ಸೂರಗೊಂಡನಕೊಪ್ಪದ ಜಾತ್ರೆಗೋ, ಯಾರದೋ ಮದುವೆಗೋ ಹೋಗಿ ಬರುವ ಕೆಲಸ. ಅವನು ಗೇರ್ ಹಾಕಿದ್ದು ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ತುಂಬಿದ ನೀರಿನ ಕೊಡ ಇಟ್ಟುಕೊಂಡು ಕೂತರೂ ಚೆಲ್ಲುವುದಿಲ್ಲ ಎಂದು ಅಕ್ಕ ಜಂಬ ಕೊಚ್ಚುತ್ತಿದ್ದಳು. ಅಂಥವನು ಕೊನೆಗೂ ತನ್ನದೇ ಒಂದು ಹೊಸ ಪಿಕಪ್ ತಂದ. ಮಲ್ಲಿಗೆ ಹಾರ ಹಾಕಿದ ಗಾಡಿಯನ್ನು ನೇರ ಚನ್ನಗಿರಿಗೆ ಹೊಡೆದುಕೊಂಡು ಬಂದ. ಮೇಸ್ತ್ರಿ ತಾವೇ ಗುಂಡಿಗಿಳಿದು ಎಣ್ಣೆಶಾಸ್ತ್ರ ಮಾಡಿದರು. ಭಾವ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ವರ್ಷ ತುಂಬುವಷ್ಟರಲ್ಲಿ ಗೇರು ಕಿರ್ರೆನ್ನತೊಡಗಿತು. ಮೊದಲು ಬೆಳಗಿನ ಚಳಿಯಲ್ಲಿ ಮಾತ್ರ, ಆಮೇಲೆ ಯಾವಾಗಲೂ. ದಾವಣಗೆರೆಯ ಶೋರೂಮಿಗೆ ಒಯ್ದ. ಅವರು ಚೂರು ಆಯಿಲ್ ಇಳಿಸಿ ನೋಡಿ, ಇದು ನಮ್ಮ ಆಯಿಲ್ಲಲ್ಲ, ಇದಕ್ಕೆ ವಾರಂಟಿ ಇಲ್ಲ ಎಂದು ವಾಪಸ್ ಕಳಿಸಿದರು. ಗಾಡಿ ನಮ್ಮ ಗುಂಡಿಯ ಮೇಲೆ ಬಂತು. ಬಾಕ್ಸು ಬಿಚ್ಚಿದವನು ನಾನು. ರಿಂಗುಗಳ ಹಲ್ಲು ಮೊಂಡಾಗಿದ್ದವು, ಆಯಿಲ್ ತುಂಬ ಹಳದಿ ಮಿಣುಕು. ನಾನು ಬೆರಳು ಚಾಚಿ ಮೇಸ್ತ್ರಿಗೆ ತೋರಿಸಿದೆ.

"ಮೇಸ್ತ್ರಿ, ಇದು ಆಯಿಲ್ಲಿಂದ ಆಗೈತೆ. ಶೋರೂಮಿನವರು ಹೇಳಿದ್ದು ಖರೇನೇ ಇರಬೇಕು."

ಅವರು ನನ್ನ ಬೆರಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಗ್ಯಾರೇಜಿನಲ್ಲಿ ಇನ್ನೂ ಐದಾರು ಡ್ರೈವರುಗಳಿದ್ದರು, ಎಲ್ಲರ ಕಿವಿಯೂ ನಮ್ಮ ಕಡೆಗೇ. ಮೇಸ್ತ್ರಿ ಬೆನ್ನು ನೇರ ಮಾಡಿ, ಭಾವನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಶೋರೂಮಿನೋರು ವಾರಂಟಿ ತಪ್ಪಿಸ್ಕೊಳ್ಳಾಕೆ ಏನು ಬೇಕಾದ್ರೂ ಹೇಳ್ತಾರೆ. ನೀವು ಗೇರ್ ಹಾಕೋದ್ ಹೆಂಗ್ರೀ? ಕ್ಲಚ್ ಪೂರಾ ತುಳಿಯಲ್ಲ, ಬಡ್ದು ಬಡ್ದು ಹಾಕ್ತೀರಿ. ವಯಸ್ಸಾತು, ಕೈ ಒರಟಾಗೈತೆ. ಹೊಸ ಗಾಡಿ ಮೈ ಮೆತ್ತಗಿರ್ತೈತೆ, ತಡ್ಕೊಳ್ಳಲ್ಲ."

ಯಾರೋ ನಕ್ಕರು. ಭಾವ ಗುಂಡಿಯ ಅಂಚಿನಲ್ಲಿ ನಿಂತು ಗೇರ್ ಹಾಕುವ ತನ್ನ ಎಡಗೈಯನ್ನು ಜೇಬಿಗೆ ಹಾಕಿಕೊಂಡ.

ಮೇಸ್ತ್ರಿ ರಿಂಗುಗಳನ್ನು ಬದಲಿಸಿಕೊಟ್ಟರು. ಕೂಲಿ ಮುಟ್ಟಲಿಲ್ಲ, "ನನ್ನ ಹುಡುಗನ ಭಾವ ಅಲ್ಲೇನು" ಅಂದರು. ಅದಾದ ಮೇಲೆ ಅದೇ ಡ್ರಮ್ಮಿನಿಂದ ಅದೇ ಆಯಿಲ್ ತುಂಬಿದರು. ಬೇಡ ಎಂದು ಅಡ್ಡ ನಿಂತ ನನಗೆ, "ನಿಂದೊಂದು ಗ್ಯಾರೇಜ್ ಮಾಡ್ಕೋ ಹೋಗು, ಅಲ್ಲಿ ಹೇಳು" ಅಂದರು. ಹೋದೆ. ಹೋಗುವ ಮುಂಚೆ ಭಾವನಿಗೂ ಬಿಡಿಸಿ ಹೇಳಿದೆ. ಈಗಲೇ ಆಯಿಲ್ ಇಳಿಸೋಣ, ಡಬ್ಬಿಯ ಮೇಲೆ ಜಿಎಲ್ ನಾಲ್ಕು ಅಂತ ಬರೆದಿರುವ, ಹಿತ್ತಾಳೆ ತಿನ್ನದ, ಗಾಡಿಯ ಬುಕ್ಕಿನಲ್ಲಿ ಹೇಳಿರುವ ತೆಳು ಆಯಿಲನ್ನೇ ಹಾಕೋಣ ಎಂದೆ. ಅವನು ತಲೆ ಅಲ್ಲಾಡಿಸಿದ. "ಮೇಸ್ತ್ರಿ ಯಾಕೆ ಸುಳ್ಳು ಹೇಳ್ತಾರೆ ಮಾರಾಯ? ಕಿವಿ ಕೊಟ್ಟು ಕೇಳ್ದೋರು ಅವ್ರು. ನನ್ನ ಕೈಯೇ ಕೆಟ್ಟೈತೆ."

ಎರಡನೇ ಸಲ ಗೇರು ಕಿರುಗುಟ್ಟಿದಾಗ ಅವನು ಯಾರಿಗೂ ತೋರಿಸಲೂ ಇಲ್ಲ. ಗಾಡಿ ಮಾರಿದ. ಬೇರೆಯವರ ಗಾಡಿಗೂ ಮತ್ತೆ ಡ್ರೈವರಾಗಿ ಹತ್ತಲಿಲ್ಲ. ಒಬ್ಬರ ಗಾಡಿ ಕೆಡಿಸುವುದು ಯಾಕೆ ಎಂದ. ಈಗ ಅದೇ ಶಾಮಿಯಾನದವರ ಬಳಿ ಕಂಬ ನೆಡುವ, ಕುರ್ಚಿ ಇಳಿಸುವ ಕೆಲಸ. ತಾನು ಓಡಿಸುತ್ತಿದ್ದ ಗಾಡಿಯ ಹಿಂದೆ ಸಾಮಾನಿನ ಮೇಲೆ ಕೂತು ಹೋಗುತ್ತಾನೆ.

ಮೇಸ್ತ್ರಿ ಹೋದ ವರ್ಷ ತೀರಿಕೊಂಡರು. ಪಿತ್ತಕೋಶದ ಕಾಯಿಲೆ, ಮೂರು ತಿಂಗಳಲ್ಲಿ ಇಳಿದುಹೋದರು. ಮಣ್ಣಿಗೆ ಜನವೋ ಜನ. ಗಾಡಿಗಳೆಲ್ಲ ಒಟ್ಟಿಗೆ ಹಾರನ್ ಹೊಡೆದು ಕಳಿಸಿಕೊಟ್ಟವು. ಭಾವ ನ್ಯಾಮತಿಯಿಂದ ಬಂದು ಹೆಗಲು ಕೊಟ್ಟ. ನಾನು ದೂರದಲ್ಲಿ ನಿಂತಿದ್ದೆ. ಅವರಿಗೆ ತಿಳಿಯದೆ ಆದ ತಪ್ಪು, ಹಟಮಾರಿ ಮುದುಕ, ಹಳೇ ಕಾಲದ ನಂಬಿಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಒಂದು ಹಿಡಿ ಮಣ್ಣು ಹಾಕಿ ಬಂದೆ. ಅವತ್ತು ಅತ್ತದ್ದೂ ನಿಜ.

ಕಳೆದ ತಿಂಗಳು ಅವರ ಮಗಳು ಹೊನ್ನಾಳಿಗೆ ಬಂದಳು. ಜಗಳೂರಿನಲ್ಲಿ ನರ್ಸು, ತನ್ನ ಕಾರಿನಲ್ಲಿ ಒಬ್ಬಳೇ ಓಡಾಡುವ ಹುಡುಗಿ. "ಅಣ್ಣಾ, ಗೇರ್ ಆಯಿಲ್ ಬದಲ್ಸೋ ಕಿಲೋಮೀಟರ್ ಬಂದೈತೆ. ಅಪ್ಪನ ಕೈಯಾಗೆ ಕಲ್ತೋನು ನೀನು, ನೀನೇ ಮಾಡು" ಅಂದಳು. ಭಾವನ ಪಿಕಪ್ಪಿಗಿಂತ ಒಂದು ವರ್ಷ ಮೊದಲು ಬಂದ ಕಾರು ಅದು. ಆಗ ನಾನು ಅಲ್ಲೇ ಕೆಲಸಕ್ಕಿದ್ದೆ. ಅದರ ಎಣ್ಣೆಶಾಸ್ತ್ರದ ದಿನ ಮೇಸ್ತ್ರಿ ನಮ್ಮನ್ನೆಲ್ಲ ಊಟಕ್ಕೆ ಕಳಿಸಿ ತಾವೊಬ್ಬರೇ ಗುಂಡಿಗಿಳಿದಿದ್ದರು. ಮಗಳ ಗಾಡಿ, ಅಕ್ಕರೆ ಎಂದು ನಾವು ತಮಾಷೆ ಮಾಡಿದ್ದೆವು.

ಗುಂಡಿಗಿಳಿದು ಟಾರ್ಚ್ ಬಿಟ್ಟೆ. ತಳದ ಬೋಲ್ಟಿನ ಮೇಲೆ ಕಾರ್ಖಾನೆಯವರು ಎಳೆದ ಹಳದಿ ಬಣ್ಣದ ಗೆರೆ ಹಾಗೇ ಇತ್ತು. ಬೋಲ್ಟಿನಿಂದ ಬಾಕ್ಸಿನವರೆಗೆ ಒಂದೇ ಗೆರೆ, ಎಲ್ಲೂ ಕಡಿದಿಲ್ಲ. ಒಮ್ಮೆ ಸ್ಪ್ಯಾನರ್ ತಾಗಿದ್ದರೂ ಆ ಗೆರೆ ಜರುಗುತ್ತದೆ. ಮೊದಲು ತುಂಬುವ ಬೋಲ್ಟ್, ಆಮೇಲೆ ತಳದ್ದು ಬಿಚ್ಚಿದೆ. ತೆಳ್ಳನೆಯ ಆಯಿಲ್ ಸರ್ರನೆ ಇಳಿಯಿತು. ಉಜ್ಜಿ ನೋಡಿದೆ, ಒಂದೂ ಹಳದಿ ಮಿಣುಕಿಲ್ಲ.

"ಅಪ್ಪ ಇದಕ್ಕೆ ಆಯಿಲ್ ಹಾಕಿರ್ಲಿಲ್ವಾ?" ಎಂದು ಕೆಳಗಿನಿಂದಲೇ ಕೇಳಿದೆ.

"ಇಲ್ಲಣ್ಣ. ಯಾರದೋ ಕಾರು ಬಿಚ್ಚಿದಾಗ ಒಳಗೆ ಹಿತ್ತಾಳೆ ತಿಂದಿದ್ದು ನೋಡಿದ್ರಂತೆ. ಈಗಿನ ಗಾಡಿಗೆ ದಪ್ಪ ಆಯಿಲ್ ಆಗಿಬರಲ್ಲ ಮಗಾ, ಕಂಪ್ನಿದೇ ಇರ್ಲಿ, ಊರಾಗೆ ಯಾರ ಮುಂದೂ ಹೇಳಬ್ಯಾಡ ಅಂದಿದ್ರು. ಈಗ ಹೇಳಿದ್ರೆ ಏನು, ಅವ್ರೇ ಇಲ್ಲ."

ಅಂದರೆ ಮೇಸ್ತ್ರಿಗೆ ಗೊತ್ತಿತ್ತು. ಭಾವನ ಗಾಡಿಯ ಕೆಳಗೆ ಇಳಿದಾಗಲೂ ಗೊತ್ತಿತ್ತು. ನನ್ನ ಬೆರಳನ್ನು ನೋಡುತ್ತ ನಿಂತಾಗಲೂ, ಎಲ್ಲರ ಮುಂದೆ ಅವನ ಕೈಯನ್ನು ಒರಟು ಎಂದಾಗಲೂ. ಊರು ಕೊಟ್ಟ ದೊಡ್ಡಸ್ತಿಕೆ ಉಳಿಯಬೇಕು, ಅದಕ್ಕೆ ಮಗಳ ಗಾಡಿಯೊಂದನ್ನು ಬಿಟ್ಟು ಮಿಕ್ಕವರದ್ದೆಲ್ಲ ಬಲಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನ್ನ ಮಗು ಹುಟ್ಟಿದ ದಿನ ಬೆಂಚಿನ ಮೇಲೆ ಕೂತಿದ್ದವರೂ ಇವರೇ ಎಂಬುದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿದೆ. ಹುಡುಗಿಯ ಕಾರಿಗೆ ಸರಿಯಾದ ಆಯಿಲನ್ನೇ, ತುಳುಕುವವರೆಗೆ ತುಂಬಿ ಕಳಿಸಿದೆ. ಅವಳದೇನು ತಪ್ಪು?

ಮರುದಿನ ನ್ಯಾಮತಿಗೆ ಹೋದೆ. ಭಾವ ಒಂದು ಮದುವೆ ಮನೆಯ ಮುಂದೆ ಕಂಬಗಳನ್ನು ಕಿತ್ತು ಜೋಡಿಸುತ್ತಿದ್ದ. ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವನು ಬೈಯುತ್ತಾನೆ, ಹೆಗಲು ಕೊಟ್ಟದ್ದಕ್ಕೆ ಮರುಗುತ್ತಾನೆ ಎಂದುಕೊಂಡಿದ್ದೆ. ಅವನು ಮೇಸ್ತ್ರಿಯ ಸುದ್ದಿಯನ್ನೇ ಎತ್ತಲಿಲ್ಲ. ಎಡಗೈಯ ಮಣ್ಣನ್ನು ಲುಂಗಿಗೆ ಒರೆಸಿ, ಅಂಗೈಯನ್ನು ಒಮ್ಮೆ ಬಿಚ್ಚಿ ಒಮ್ಮೆ ಮುಚ್ಚಿ ನೋಡಿದ.

"ಹಂಗಾರೆ ನನ್ನ ಕೈ ಸರಿ ಇತ್ತಾ?" ಎಂದು ಕೇಳಿದ.